ಉದ್ದ ಡಿಕ್ಕಿಯ ಗಾಡಿಯೂ ನಮ್ಮ ಮನೆಯ ಗಂಡಸರೂ

ನಮ್ಮ ಅತ್ತೆ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟ ಮುರಿದುಕೊಂಡ ಮೇಲೆ ಗಾಲಿಕುರ್ಚಿಗೆ ಬಂದರು. ಹಾಗೆಂದರೆ ಮೂಲೆ ಹಿಡಿದರೆಂದು ಯಾರೂ ತಿಳಿಯಬಾರದು. ನಡೆದಾಡುವ ಕಾಲದಲ್ಲಿ ಓಣಿ ದಾಟಲು ಬೇಸರಪಡುತ್ತಿದ್ದವರು, ಕುರ್ಚಿ ಬಂದ ಮೇಲೆ ವಿಜಯಪುರ, ತಿಕೋಟಾ, ಬಬಲೇಶ್ವರದ ಬಳಗದಲ್ಲಿ ಬಸುರಿಯರ ಒಂದು ಕುಬಸವನ್ನೂ ಕೂಸುಗಳ ಒಂದು ತೊಟ್ಟಿಲನ್ನೂ ಬಿಡಲಿಲ್ಲ. "ಸೊಂಟ ಮುರದೈತಿ, ಬಾಯಿ ಮುರದಿಲ್ಲ," ಎನ್ನುತ್ತಿದ್ದರು.

ನಮ್ಮಲ್ಲಿ ಆಗ ಇದ್ದದ್ದು ಒಂದು ಸಣ್ಣ ಪೆಟ್ರೋಲ್ ಕಾರು. ಅದರ ಡಿಕ್ಕಿಯಲ್ಲಿ ಕಾಯಿಪಲ್ಲೆ ಚೀಲ ಹಿಡಿಯುತ್ತಿತ್ತೇ ಹೊರತು ಗಾಲಿಕುರ್ಚಿ ಹಿಡಿಯುತ್ತಿರಲಿಲ್ಲ. ಕುರ್ಚಿಯನ್ನು ಮೇಲೆ ಹಗ್ಗದಿಂದ ಕಟ್ಟಿಕೊಂಡು ಹೋಗುತ್ತಿದ್ದೆವು. ಒಂದು ದಿನ ತಿಕೋಟಾ ರಸ್ತೆಯಲ್ಲಿ ಹಗ್ಗ ಸಡಿಲಾಗಿ ಕುರ್ಚಿ ಕೆಳಗೆ ಬಿದ್ದು, ದ್ರಾಕ್ಷಿ ತೋಟದ ಬೇಲಿಯವರೆಗೆ ತಾನೇ ಉರುಳಿಕೊಂಡು ಹೋಯಿತು. ಹಿಂದೆ ಬರುತ್ತಿದ್ದ ಬಸ್ಸಿನವರು ಖಾಲಿ ಕುರ್ಚಿಯನ್ನು ಕಂಡು ಬಸ್ಸು ನಿಲ್ಲಿಸಿ, ಅದರಲ್ಲಿ ಕೂತಿದ್ದವರನ್ನು ತೋಟದೊಳಗೆಲ್ಲ ಹುಡುಕಿದರು. ಅತ್ತೆ ಕಾರಿನಲ್ಲಿ ಕೂತು ಅದನ್ನು ನೋಡಿ ನಕ್ಕರು. ನನಗೆ ನಗು ಬರಲಿಲ್ಲ. ಹಿಂದೆ ಉದ್ದ ಡಿಕ್ಕಿ ಇರುವ, ತೀರಾ ಎತ್ತರವಲ್ಲದ ಒಂದು ಡೀಸೆಲ್ ಗಾಡಿ ಬೇಕೆಂದು ಅಂದೇ ತೀರ್ಮಾನಿಸಿದೆ. ನಾನು ಬಬಲೇಶ್ವರದ ಕಾಲೇಜಿನಲ್ಲಿ ಅರ್ಥಶಾಸ್ತ್ರ ಕಲಿಸುತ್ತೇನೆ, ದಿನವೂ ವಿಜಯಪುರದಿಂದ ಓಡಾಡುತ್ತೇನೆ. ಹೊಸ ಗಾಡಿ ನಮಗೆ ಎಟುಕುವಂಥದ್ದಲ್ಲ. ಹಳೆಯದೇ ಆಗಲಿ, ನಡುದಾರಿಯಲ್ಲಿ ಕೈಬಿಡದಿದ್ದರೆ ಸಾಕು.

ಈ ಮಾತನ್ನು ಊಟಕ್ಕೆ ಕೂತಾಗ ಹೇಳಿದೆ. ಗಾಡಿ ಓಡಿಸುವವಳು ನಾನು, ಕೂರುವವರು ಅತ್ತೆ. ಆದರೆ ರೊಟ್ಟಿ ಮುಗಿಯುವಷ್ಟರಲ್ಲಿ ಆ ವಿಷಯ ನಮ್ಮಿಬ್ಬರ ಕೈಯಿಂದ ಜಾರಿ ಹೋಗಿತ್ತು.

"ವೈನಿ, ನೀವು ಸುಮ್ಮ ಕೂಡ್ರಿ. ಗಾಡಿ ವಿಷಯ ನನಗ ಬಿಡ್ರಿ," ಎಂದ ಅಂದು ಊಟಕ್ಕೆ ಬಂದಿದ್ದ ನನ್ನ ಮೈದುನ.

ಮೈದುನನಿಗೆ ಬಣ್ಣದ ಅಂಗಡಿ ಇದೆ. ಗಾಡಿಗಳ ವಿಷಯದಲ್ಲಿ ತಾನು ಪಂಡಿತನೆಂದು ಅವನು ನಂಬಿದ್ದಾನೆ, ಬಳಗವೂ ನಂಬಿದೆ. ಅವನು ಈವರೆಗೆ ಕೊಂಡ ಗಾಡಿಗಳೆಲ್ಲ ಗ್ಯಾರೇಜಿನಲ್ಲಿಯೇ ಮುಪ್ಪಾದವು. ಇಷ್ಟು ಗ್ಯಾರೇಜು ಸುತ್ತಿದವನಿಗೆ ಇರುವಷ್ಟು ಅನುಭವ ಇನ್ನಾರಿಗೆ ಇರಬೇಕು ಎಂಬುದು ಅವನ ವಾದ. ನನ್ನ ಗಂಡ ತಲೆಯಾಡಿಸಿದರು. ಕೊನೆಗೆ ಮಾತಾಡಿದವರು ಯಾರೋ ಅವರ ಮಾತು ನಮ್ಮವರಿಗೆ ಸರಿ ಕಾಣುತ್ತದೆ.

ಮೊದಲು ಹೋದದ್ದು ಸೊಲ್ಲಾಪುರ ರಸ್ತೆಯಲ್ಲಿ ಹಳೇ ಗಾಡಿ ಮಾರುವವನೊಬ್ಬನ ಬಯಲಿಗೆ. ಬಾಗಿಲಿಗೆ ಬಣ್ಣಬಣ್ಣದ ಬಲೂನು ಕಟ್ಟಿದ್ದ. ಮಾಲಕ ನಮ್ಮವರಿಗೆ ಕೈ ಕೊಟ್ಟ, ಮೈದುನನಿಗೆ ಕೈ ಕೊಟ್ಟ, ನನ್ನ ಕಡೆ ನೋಡಿ ತನ್ನ ಆಳಿಗೆ ಹೇಳಿದ: "ಮೇಡಂ ಅವ್ರಿಗೆ ಸೀಟ್ ಕವರಿನ ಕಲರ್ ತೋರಸಪಾ."

ನಮಗೆ ತೋರಿಸಿದ್ದು ಒಂದು ಬೂದು ಬಣ್ಣದ ಉದ್ದ ಗಾಡಿ. ಎಣ್ಣೆ ಸವರಿದಂತೆ ಹೊಳೆಯುತ್ತಿತ್ತು. "ಡಾಕ್ಟರ್ ಗಾಡಿರಿ. ಒಬ್ಬರ ಕೈಯಾಗ ಇದ್ದದ್ದು. ಮನಿಯಿಂದ ದವಾಖಾನಿ, ದವಾಖಾನಿಯಿಂದ ಮನಿ," ಎಂದ ಮಾಲಕ. ವಿಜಯಪುರದಲ್ಲಿ ಮಾರಾಟಕ್ಕಿರುವ ಹಳೇ ಗಾಡಿಗಳೆಲ್ಲ ಡಾಕ್ಟರದೇ. ಮೇಷ್ಟ್ರು, ವಕೀಲರು, ಗುತ್ತಿಗೆದಾರರು ಯಾರೂ ಇಲ್ಲಿ ಗಾಡಿ ಇಟ್ಟುಕೊಂಡಂತೆಯೇ ಕಾಣುವುದಿಲ್ಲ.

ನಾನು ಒಳಗೆ ಕೂತು ನೋಡಿದೆ. ಮೀಟರ್ ನೋಡಿದರೆ ಗಾಡಿ ಅಂಗಳ ಬಿಟ್ಟು ಹೊರಟೇ ಇಲ್ಲ. ಕ್ಲಚ್ ಪೆಡಲಿನ ರಬ್ಬರ್ ನೋಡಿದರೆ ಕಾಶಿಗೆ ಹೋಗಿ ಬಂದು ಮತ್ತೆ ಹೊರಟು ನಿಂತಿದೆ. ಹಿಂದೆ ಹೋಗಿ ಡಿಕ್ಕಿಯ ಹಾಸು ಎತ್ತಿದೆ. ಸಂದಿಯಲ್ಲಿ ಒಣದ್ರಾಕ್ಷಿ ಅಂಟಿಕೊಂಡಿದ್ದವು, ಒಂದಲ್ಲ, ಮುಷ್ಟಿ ತುಂಬುವಷ್ಟು. ದ್ರಾಕ್ಷಿ ಒಣಗಿಸುವಾಗ ಹಾಕುವ ಗಂಧಕದ ಘಾಟು ಮೂಗಿಗೆ ಬಡಿಯಿತು.

"ಡಾಕ್ಟರು ದ್ರಾಕ್ಷಿಗೆ ಔಷಧ ಕೊಡ್ತಿದ್ರೇನ್ರಿ?" ಎಂದು ಕೇಳಿದೆ.

ಮಾಲಕ ನನಗಲ್ಲ, ನನ್ನ ಗಂಡನಿಗೆ ಉತ್ತರ ಕೊಟ್ಟ: "ಪೇಶಂಟ್ ಮಂದಿ ಪ್ರೀತೀಲೆ ಕೊಟ್ಟಿರತಾರ್ರಿ ಸರ್."

ಮೈದುನ ಟೈರಿಗೆ ಒದ್ದ. ಹಾರ್ನ್ ಬಾರಿಸಿದ. ಬಾಗಿಲನ್ನು ಧಡ್ಡನೆ ಹಾಕಿ, ಆ ಸದ್ದನ್ನು ಕಣ್ಣು ಮುಚ್ಚಿ ಕೇಳಿದ. ಇಟ್ಟಂಗಿಹಾಳದ ರಸ್ತೆಯಲ್ಲಿ ಒಂದು ಸುತ್ತು ಓಡಿಸಿಕೊಂಡು ಬಂದು, "ಮಷಿನ್ ಹಾಲು ಇದ್ದಂಗೈತಿ," ಎಂದ. ನನಗೂ ಓಡಿಸಲು ಕೊಡಿ ಎಂದೆ. "ಮತ್ತೊಂದು ದಿನ ಓಡಸೀರಂತ ವೈನಿ," ಎಂದ. ನಾವು ಹೋಗುವ ಮೊದಲೇ ಗಾಡಿಯ ಬಾನೆಟ್ ಬಿಸಿಯಾಗಿತ್ತು. ಬಿಸಿಲಿಗೆ ಕಾದದ್ದು ಅಂದ ಮಾಲಕ.

ಆ ವಾರವೇ ತಿಕೋಟಾಕ್ಕೆ ಹೋದೆವು. ಮೈದುನನ ಬೀಗರ ಕಡೆಯ ಒಣದ್ರಾಕ್ಷಿ ವ್ಯಾಪಾರಿಯೊಬ್ಬರು ತಮ್ಮ ಗಾಡಿ ಮಾರುವವರಿದ್ದರು. ಅತ್ತೆಯನ್ನೂ ಕರೆದುಕೊಂಡು ಹೋದೆ, ಕೂರುವವರು ಅವರಲ್ಲವೇ. ವ್ಯಾಪಾರಿ ಚಹಾ ಕುಡಿಸಿ ಗಾಡಿಯ ಮುಂದೆ ನಿಂತು ಎದೆ ಉಬ್ಬಿಸಿದರು.

"ಒಮ್ಮಿ ಸೈತ ಹೆಣ್ಮಕ್ಕಳ ಕೈಯಾಗ ಕೊಟ್ಟಿಲ್ಲ ನೋಡ್ರಿ. ಅದಕ್ಕ ಗಾಡಿ ಹಿಂಗ ಐತಿ."

"ಬಂಪರ್ ಒಡದಾವ್ರು ಯಾರ್ರಿ?" ಎಂದೆ.

"ಅದು ನಮ್ಮ ತಮ್ಮರಿ."

"ಬಾಗಿಲಾ ನೆಗ್ಗಿಸಿದಾವ್ರು?"

"ಅದೂ ಅವನ," ಎಂದು ವ್ಯಾಪಾರಿ ಮೈದುನನ ಕಡೆ ತಿರುಗಿ ಮಳೆ ಬೆಳೆಯ ಮಾತು ತೆಗೆದರು.

ಗಾಡಿ ಬಹಳ ಎತ್ತರ. ಅತ್ತೆಯನ್ನು ಹತ್ತಿಸಲು ನಮ್ಮವರು, ಮೈದುನ, ವ್ಯಾಪಾರಿ ಮೂವರೂ ಸೇರಬೇಕಾಯಿತು. "ಜೋಳದ ಚೀಲ ಲಾರಿಗೆ ಏರಸ್ದಂಗ ಏರಸಾಕತ್ತೀರಲ್ಲೋ," ಎಂದು ಅವರು ಮೇಲಿನಿಂದ ಕೂಗಿದರು. ಮೈದುನ ಓಡಿಸಿದ. ಊರ ಹೊರಗಿನ ಏರಿನಲ್ಲಿ ಗಾಡಿ ಏದುಸಿರು ಬಿಟ್ಟಿತು, ಹಿಂದೆ ರಸ್ತೆಯೇ ಕಾಣದಂತೆ ಕರಿ ಹೊಗೆ.

"ಏನಲೇ ಇದು, ಒಲ್ಯಾಗ ಹಸಿ ಕಟಗಿ ತುರುಕಿದಂಗ?" ಎಂದರು ಅತ್ತೆ.

"ಡೀಸೆಲ್ ಗಾಡಿ ಅಂದಮ್ಯಾಲ ಹೊಗಿ ಬಿಡಬೇಕು ಯವ್ವಾ. ಅದು ತಾಕತ್ತು."

"ನಿಮ್ಮಪ್ಪನೂ ದಿನಾ ಹೊಗಿ ಬಿಡತಿದ್ದ. ತಾಕತ್ತಿಲೆ ಅಲ್ಲ, ಬೀಡೀಲೆ."

ಮಾವ ತೀರಿಕೊಂಡು ಬಹಳ ವರ್ಷವಾಗಿದೆ. ಆದರೂ ಅವರು ಬದುಕಿದ್ದಾಗ ಸಿಗದಷ್ಟು ಉಪಯೋಗ ಅತ್ತೆಗೆ ಅವರಿಂದ ಈಗ ಸಿಗುತ್ತಿದೆ. ಆ ಗಾಡಿಯ ಮಾತು ಅಲ್ಲಿಗೆ ಬಿತ್ತು. ಮೈದುನ ಮಾತ್ರ ವಾಪಸು ಬರುವ ದಾರಿಯುದ್ದಕ್ಕೂ, ಒಳ್ಳೇ ಗಾಡಿ, ಹೆಂಗಸರ ಮಾತು ಕೇಳಿ ಕಳಕೊಂಡಿವಿ ಎಂದು ಹಳಹಳಿಸಿದ.

ಮೂರನೆಯ ಗಾಡಿಯನ್ನು ನಾನೇ ಕಂಡೆ. ಬಬಲೇಶ್ವರದ ಸಂತೆ ಬಯಲಿನ ಹತ್ತಿರ, ಕಾಲೇಜಿಗೆ ಹೋಗುವ ದಾರಿಯಲ್ಲೇ ಒಂದು ಮನೆಯ ಮುಂದೆ ಅದು ನಿಂತಿರುತ್ತಿತ್ತು. ಬಿಳಿ ಬಣ್ಣ, ಬಡಿದು ಉದ್ದ ಮಾಡಿದಂಥ ಮೈ. ಹಿಂದಿನ ಗಾಜಿಗೆ ಅಂಟಿಸಿದ್ದ 'ಮಾರುವುದಿದೆ' ಎಂಬ ಚೀಟಿ ಬಿಸಿಲಿಗೆ ಬಣ್ಣ ಕಳೆದುಕೊಂಡು ಹಪ್ಪಳದಂತೆ ಮುರುಟಿತ್ತು. ಒಂದು ಸಂಜೆ ಒಳಗೆ ಹೋಗಿ ಕೇಳಿದೆ. ನಿವೃತ್ತ ದನದ ಡಾಕ್ಟರೊಬ್ಬರದು. ಅವರು ಪೇಪರಿನಿಂದ ತಲೆ ಎತ್ತಿ, "ರವಿವಾರ ಬರ್ರಿ, ಹಗಲಾಗ ನೋಡ್ರಿ," ಎಂದು ಮತ್ತೆ ತಲೆ ತಗ್ಗಿಸಿದರು.

ರವಿವಾರ ಎಲ್ಲರೂ ಹೋದೆವು. ಡಾಕ್ಟರು ಹೊರಗೆ ಬಂದವರೇ, "ಓಡಸೋರು ಯಾರು?" ಎಂದರು. ನಾನು ಎಂದೆ. ಕೀಲಿಯನ್ನು ನನ್ನ ಕೈಗೆ ಕೊಟ್ಟರು. ಮೈದುನನ ಚಾಚಿದ ಕೈ ಹಾಗೇ ಗಾಳಿಯಲ್ಲಿ ಉಳಿದು, ಆಮೇಲೆ ತಲೆ ಕೆರೆದುಕೊಂಡಿತು.

"ಇದರ ರೋಗ ಮೊದಲ ಹೇಳತೇನಿ ಕೇಳ್ರಿ," ಎಂದರು ಡಾಕ್ಟರು. "ಏಸಿ ಮಧ್ಯಾಹ್ನ ತಂಪು ಕೊಡೂದಿಲ್ಲ. ಥಂಡಿ ದಿನದಾಗ ಭಾಳ ಚಲೋ ಕೊಡತೈತಿ. ಎಡಗಡಿ ಹಿಂದಿನ ಕಿಡಕಿ ಇಳಿಯೂದಿಲ್ಲ. ಡಿಕ್ಕಿ ಬಾಗಿಲಾ ತಾನಾ ನಿಂದ್ರೂದಿಲ್ಲ, ಕೋಲು ಹಚ್ಚಬೇಕು. ಮರತ್ರ ತಲಿ ಒಡೀತೈತಿ. ಮುಂದಿನ ವರ್ಷ ಕ್ಲಚ್ ಬದಲ ಮಾಡೂದು ಬರತೈತಿ."

"ಮತ್ತ ಮಾರಾಕತ್ತೀರಿ ಯಾಕ?" ಎಂದರು ನಮ್ಮವರು.

"ನಮ್ಮ ಸೊಸಿ ಇದರಾಗ ಕೂಡಾಕ ಒಲ್ಲೆ ಅಂತಾಳ. ಹೆಣದ ಗಾಡಿ ಕಂಡಂಗ ಕಾಣತೈತಂತ."

ಬಾನೆಟ್ ಮುಟ್ಟಿ ನೋಡಿದೆ, ತಣ್ಣಗಿತ್ತು. ಕೀಲಿ ತಿರುವಿದ ಕೂಡಲೇ ಎಂಜಿನ್ ಎದ್ದಿತು. ಸಂತೆ ಬಯಲು ದಾಟಿ ಜಮಖಂಡಿ ರಸ್ತೆಯಲ್ಲಿ ಒಂದಿಷ್ಟು ದೂರ ಓಡಿಸಿದೆ. ಗಾಡಿ ಜಿಗಿಯಲಿಲ್ಲ, ಎಳೆಯಲಿಲ್ಲ, ಹೊಗೆ ಬಿಡಲಿಲ್ಲ, ಹೇಳಿದಂತೆ ಕೇಳಿತು. ನಮ್ಮ ಮನೆಯಲ್ಲಿ ಅಂಥ ಗುಣ ಕಂಡು ಬಹಳ ದಿನವಾಗಿತ್ತು. ಅತ್ತೆ ಕುರ್ಚಿಯಿಂದ ಸೀಟಿಗೆ ಸರಿದು ಕೂತರು, ಯಾರೂ ಎತ್ತಬೇಕಾಗಲಿಲ್ಲ. ಮಡಚಿದ ಕುರ್ಚಿ ಡಿಕ್ಕಿಯಲ್ಲಿ ಮಲಗಿತು, ಪಕ್ಕದಲ್ಲಿ ಇನ್ನೂ ಒಂದು ಕರು ಮಲಗುವಷ್ಟು ಜಾಗವಿತ್ತು. ಹಿಂದೆ ಕರುಗಳೂ ಮಲಗಿದ್ದವಂತೆ.

ನಮ್ಮವರು ರೂಢಿಯಂತೆ, ಸ್ವಲ್ಪ ಕಡಿಮೆ ಮಾಡಿ ಹೇಳಿ ಎಂದರು. "ಚೌಕಾಸಿ ಮಾಡೂದಿದ್ರ ಸಂತಿ ಹತ್ತರನ ಐತಿ, ಬದನಿಕಾಯಿ ತಗೋರಿ," ಎಂದು ಡಾಕ್ಟರು ಒಳಗೆ ಹೋದರು.

ದಾರಿಯಲ್ಲಿ ಮೈದುನ ತೀರ್ಪು ಕೊಟ್ಟ. "ಈ ಗಾಡಿ ಬ್ಯಾಡ. ಕೇಳಲಾರದ ಇಷ್ಟೆಲ್ಲಾ ಹೇಳ್ತಾನಂದ್ರ ಇನ್ನ ಎಷ್ಟ ಮುಚ್ಚಿಟ್ಟಾನ?"

ನಮ್ಮವರು ತಲೆಯಾಡಿಸಿದರು. ನಾನು ಅರ್ಥಶಾಸ್ತ್ರದವಳು; ಮಂದಿ ಏಕೆ ಹೇಗೆ ಕೊಳ್ಳುತ್ತಾರೆಂದು ವರ್ಷವಿಡೀ ಕಲಿಸುತ್ತೇನೆ. ಮುಖಕ್ಕೆ ಮುಖ ಕೊಟ್ಟು ಸುಳ್ಳು ಹೇಳಿದವನು ಭರವಸೆಯ ಮನುಷ್ಯ, ಖರೆ ಹೇಳಿದವನು ಕಳ್ಳ ಎಂಬ ಈ ಪಾಠ ಮಾತ್ರ ನನ್ನ ಪುಸ್ತಕಗಳಲ್ಲಿ ಇರಲಿಲ್ಲ. ಮನೆ ಮುಟ್ಟುವುದರೊಳಗೆ ಬೂದು ಗಾಡಿಯೇ ಸೈ ಎಂದು ಅಣ್ಣತಮ್ಮಂದಿರು ಮಾತು ಮುಗಿಸಿದ್ದರು. ತರಲು ಒಳ್ಳೇ ದಿನವನ್ನೂ ಕೇಳಿಸಿದ್ದಾಯಿತು.

"ನೀ ಏನಂತಿ?" ಎಂದು ಅತ್ತೆ ಅಡುಗೆಮನೆಗೆ ಕುರ್ಚಿ ಉರುಳಿಸಿಕೊಂಡು ಬಂದು ಕೇಳಿದರು.

"ತರೂ ಮುಂದ ಒಮ್ಮಿ ನಾನೂ ಓಡಸಿ ನೋಡಬೇಕ್ರಿ ಅತ್ಯಾರ. ಮುಂಜಾನಿ, ಅಂವಾ ಗಾಡಿ ಬಿಸಿ ಮಾಡೂ ಮುಂಚೆ."

"ಹೋಗೂಣು. ನಾನೂ ಬರತೇನಿ. ಅಂವಾ ನಿನಗ ಸೀಟ್ ಕವರ್ ತೋರಿಸಿದ್ರ ನನಗ ಏನ್ ತೋರಸ್ತಾನ ನೋಡೂಣು."

ಮರುದಿನ ಬೆಳಿಗ್ಗೆ ಮಾಲಕ ಬಯಲಿನ ಗೇಟು ತೆಗೆಯುವ ಹೊತ್ತಿಗೆ ನಾವು ಅಲ್ಲಿದ್ದೆವು. ನಾನು, ಅತ್ತೆ, ನಮ್ಮವರು, ಮತ್ತು ಮುಖ ಊದಿಸಿಕೊಂಡ ಮೈದುನ. ಮಾಲಕನ ಮುಖ ಸಣ್ಣದಾಯಿತು. "ಇಷ್ಟ ಲಗೂನ ಬಂದೀರಲ್ರಿ ಸರ್? ಫೋನ್ ಮಾಡಿದ್ರ ತಯಾರು ಇಡತಿದ್ದೆ."

"ತಯಾರು ಇಡೂದು ಬ್ಯಾಡಂತನ ಬಂದೀವಿ," ಎಂದೆ.

ಕೂತು ಕೀಲಿ ತಿರುವಿದೆ. ಗಾಡಿ ಕೆಮ್ಮಿ ಸುಮ್ಮನಾಯಿತು. ಮತ್ತೆ ತಿರುವಿದೆ. ಮತ್ತೆ ಕೆಮ್ಮು. ಬ್ಯಾಟರಿ ಇಳಿದಿರಬೇಕೆಂದು ಮಾಲಕ ಬೇರೆ ಬ್ಯಾಟರಿ ತರಿಸಿ ತಂತಿ ಹಚ್ಚಿದ. ಕೊನೆಗೆ ಎಂಜಿನ್ ಎದ್ದಿತು, ಡಬ್ಬಿಯಲ್ಲಿ ಮೊಳೆ ಹಾಕಿ ಅಲುಗಾಡಿಸಿದಂಥ ಸದ್ದು, ಬಯಲು ತುಂಬ ಬಿಳಿ ಹೊಗೆ. ಹೊಗೆಯೊಳಗಿನಿಂದ ಮಾಲಕನ ಧ್ವನಿ ಬಂತು: "ಥಂಡಿಗೆ ಹಂಗ ಮಾಡತೈತ್ರಿ."

ಅದು ಏಪ್ರಿಲ್ ತಿಂಗಳು. ವಿಜಯಪುರದ ಏಪ್ರಿಲ್. ಬೆಳಗಿನ ಹೊತ್ತಿಗೇ ನಮ್ಮೆಲ್ಲರ ಬೆನ್ನು ಬೆವತಿತ್ತು.

"ಪಾಪ, ಥಂಡಿ ಹತ್ತೇತಿ," ಎಂದರು ಅತ್ತೆ. "ನಮ್ಮ ಸಣ್ಣಾವ ಇಷ್ಟು ಮೆಚ್ಯಾನ, ಅವಂದೊಂದು ಸ್ವೆಟರ್ ತಂದು ಹಾಕ್ರಿ."

ನಮ್ಮವರು ಗಂಟಲು ಸರಿಮಾಡಿಕೊಂಡು, ತಮ್ಮನ ಕಡೆ ನೋಡದೆ, "ಬಬಲೇಶ್ವರದ್ದ ಚಲೋ ಇತ್ತು ಅನ್ನಿಸ್ತೈತಿ," ಎಂದರು. ಕೊನೆಗೆ ಮಾತಾಡಿದವರು ಅವರ ತಾಯಿಯಾಗಿದ್ದರು. ನಾನು ಅದನ್ನು ತಡ ಮಾಡದೆ ಉಪಯೋಗಿಸಿಕೊಂಡೆ. ಅಂದೇ ಸಂಜೆ ಡಾಕ್ಟರ ಮನೆಗೆ ಹೋಗಿ, ಚೌಕಾಸಿ ಇಲ್ಲದೆ, ಮಾತು ಮುಗಿಸಿ ಬಂದೆ. ಮೈದುನ ಅದಾದ ಮೇಲೆ ಒಂದಿಷ್ಟು ದಿನ ನಮ್ಮ ಮನೆಯಲ್ಲಿ ಚಹಾ ಕುಡಿಯಲಿಲ್ಲ.

ಗಾಡಿ ಬಂದ ಹೊಸತರಲ್ಲಿ ಓಣಿಯ ಒಬ್ಬ ಮುದುಕ ಅದನ್ನು ಕಂಡು ಟೋಪಿ ತೆಗೆದು ಕೈ ಮುಗಿದದ್ದುಂಟು. ಅತ್ತೆ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಇನ್ನೂ ಅದೀನಿ, ಚಾ ಕುಡ್ಯಾಕ ಬಾ," ಎಂದು ಕೂಗಿದರು. ಆತ ಅರ್ಧ ದಿನ ಚೇತರಿಸಿಕೊಳ್ಳಲಿಲ್ಲವಂತೆ. ಕ್ಲಚ್ ಡಾಕ್ಟರು ಹೇಳಿದ ವರ್ಷವೇ ಹೋಯಿತು, ಬದಲಿಸಿದೆ. ಡಿಕ್ಕಿಯ ಬಾಗಿಲಿಗೆ ಕೋಲು ಹಚ್ಚುವುದನ್ನು ಮರೆತು ಮೈದುನನೇ ಒಮ್ಮೆ ತಲೆ ಒಡೆದುಕೊಂಡ. ಬಣ್ಣದ ಡಬ್ಬಿ ತುಂಬಲು ಗಾಡಿ ಕೇಳಿಕೊಂಡು ಹೋಗಿದ್ದ. ಅದಕ್ಕಿಂತ ದೊಡ್ಡ ತೊಂದರೆಯನ್ನು ಅದು ನಮಗೆ ಕೊಟ್ಟಿಲ್ಲ. ದಿನವೂ ಬಬಲೇಶ್ವರಕ್ಕೆ ಹೋಗಿ ಬರುತ್ತೇನೆ.

ಒಂದು ಮದುವೆಯ ಊಟದ ಪಂಕ್ತಿಯಲ್ಲಿ ಮೈದುನ ಎದುರಿನವರಿಗೆ ಹೇಳುತ್ತಿದ್ದುದು ನನ್ನ ಕಿವಿಗೆ ಬಿತ್ತು: "ಅದನ್ನ ನಾನಾ ಹುಡುಕಿ ವೈನಿಗೆ ಕೊಡಸೇನಿ. ಹಳೇ ಗಾಡಿ ತಗೊಳ್ಳೂದು ಎಲ್ಲರಿಗೂ ತಿಳಿಯೂದಿಲ್ರಿ." ಎದುರಿನವರು ಜಿಲೇಬಿ ಬಿಟ್ಟು ಅವನ ಮಾತು ಕೇಳುತ್ತಿದ್ದರು. ನಾನು ಜಿಲೇಬಿ ಬಿಡಲಿಲ್ಲ.

ಇತ್ತೀಚೆಗೆ ನಮ್ಮ ಕಾಲೇಜಿಗೆ ವರ್ಗವಾಗಿ ಬಂದ ವಾಣಿಜ್ಯಶಾಸ್ತ್ರದ ಉಪನ್ಯಾಸಕರೊಬ್ಬರು ನನ್ನ ಗಾಡಿಯ ಸುತ್ತ ತಿರುಗಿ ನೋಡಿ, ತಮಗೂ ಇಂಥದೊಂದು ಬೇಕು ಎಂದರು. ನಾನು ಉತ್ಸಾಹದಿಂದ ಹೇಳತೊಡಗಿದೆ: ಬೆಳಿಗ್ಗೆಯೇ ಹೋಗಬೇಕು, ಪೆಡಲಿನ ರಬ್ಬರ್ ನೋಡಬೇಕು, ಹಾಸು ಎತ್ತಬೇಕು. ಅವರು ಪೂರ್ತಿ ಕೇಳಿ, ನಗುತ್ತ, "ಅದೆಲ್ಲಾ ಖರೇರಿ ಮೇಡಂ. ನಿಮ್ಮ ಮನ್ಯಾಗ ಗಾಡಿ ನೋಡಿದ ಗಂಡಸರು ಯಾರು? ಅವರ ನಂಬರ್ ಕೊಡ್ರೆಲಾ," ಎಂದರು.

ಮೈದುನನ ನಂಬರ್ ಕೊಟ್ಟೆ. ಇಬ್ಬರೂ ಸೇರಿ ಒಂದು ರವಿವಾರ ಗಾಡಿ ತಂದರು. ಉಪನ್ಯಾಸಕರು ಕೆಲವು ದಿನ ಅದರಲ್ಲಿ ಬಂದರು. ಆಮೇಲೆ ಬಸ್ಸಿಗೆ ಬರತೊಡಗಿದರು. ಈಗ ಸಂಜೆ ನನ್ನ ಗಾಡಿಯಲ್ಲೇ ವಿಜಯಪುರಕ್ಕೆ ಬರುತ್ತಾರೆ. ಪಕ್ಕದ ಸೀಟಿನಲ್ಲಿ ಕೂತು, ಗೇರು ಯಾವಾಗ ಬದಲಿಸಬೇಕೆಂದು ನನಗೆ ಹೇಳಿಕೊಡುತ್ತಾರೆ.