ವೀರ್ಯಾಣುವಿನ ಬುತ್ತಿ

ಹೋದ ವಾರ ನನ್ನ ತಂಗಿಯ ಮಗಳು ಪವಿತ್ರ, ಗಂಡ ಮಂಜು ಜೊತೆ ಅರಕಲಗೂಡಿನಿಂದ ಹಾಸನದ ನಮ್ಮ ಮನೆಗೆ ಬಂದಳು. ಕಾಫಿ ಆರುವ ಮೊದಲೇ ಮಂಜು ಮೊಬೈಲ್ ನನ್ನ ಮುಂದೆ ಹಿಡಿದ. ಯಾವುದೋ ಕ್ಲಿನಿಕ್ಕಿನ ಜಾಹೀರಾತು: ಮಕ್ಕಳಾಗದ ಗಂಡಸರಿಗೆ ಎಕ್ಸೋಸೋಮ್ ಇಂಜೆಕ್ಷನ್, ಯಾವ ಟೆಸ್ಟೂ ಬೇಡ.

ಕೊನೆಯ ಮಾತು ಓದಿದ್ದೇ ನನಗೆ ಅನುಮಾನ. ಟೆಸ್ಟ್ ಮಾಡದೆ ಚುಚ್ಚುವ ಡಾಕ್ಟರು ಯಾರು? ಅಂಥ ಡಾಕ್ಟರನ್ನೇ ಇವನು ಹುಡುಕಿದ್ದು ಯಾಕೆ?

ಮದುವೆಯಾಗಿ ಆರು ವರ್ಷ. ಪವಿತ್ರಳಿಗೆ ಸ್ಕ್ಯಾನು, ರಕ್ತಪರೀಕ್ಷೆ, ಮಾತ್ರೆ ಎಲ್ಲ ಆಗಿದೆ. ನಲವತ್ತೆಂಟು ದಿನ ನಾಗರಕಲ್ಲು ಸುತ್ತಿದ್ದೂ ಆಗಿದೆ. (ಆ ಹರಕೆ ಹೊರಿಸಿದವಳು ನಾನೇ. ಗಂಡನನ್ನೂ ಸುತ್ತಿಸಬೇಕೆಂದು ಹೊಳೆಯಲೇ ಇಲ್ಲ.) ಈಗ ಅವಳ ಅತ್ತೆ, ಮಗನಿಗೆ ಮಲ್ಲಿಪಟ್ಟಣದಲ್ಲಿ ಇನ್ನೊಂದು ಹೆಣ್ಣು ನೋಡುವ ಮಾತಾಡುತ್ತಿದ್ದಾರೆ.

ದೇವರ ದಯೆ, ಚುಚ್ಚಿಸಿಕೊಳ್ಳುವ ಮೊದಲೇ ನಮ್ಮ ಮನೆಗೆ ಬಂದರಲ್ಲ. ಇಬ್ಬರನ್ನೂ ನನಗೆ ಗೊತ್ತಿರುವ ಲೇಡಿ ಡಾಕ್ಟರ ಬಳಿಗೆ ಕರೆದುಕೊಂಡು ಹೋಗಿ, ಆ ಜಾಹೀರಾತು ತೋರಿಸಿದೆ.

"ವೀರ್ಯಾಣು ಹುಟ್ಟಿದ ತಕ್ಷಣ ಈಜೋಕಾಗಲ್ಲ ಅಮ್ಮ," ಎಂದರು ಡಾಕ್ಟರು. "ಹೊರಗೆ ಬರೋ ದಾರೀಲಿ ಉದ್ದದ ನಳಿಗೆ ಇದೆ. ಅದರ ಗೋಡೆಯಿಂದ ಕಣ್ಣಿಗೆ ಕಾಣದಂಥ ಪುಟ್ಟ ಚೀಲಗಳು ಬಂದು, ಈಜೋಕೆ, ಹೆಂಗಸಿನ ಅಂಡಾಣು ಜೊತೆ ಸೇರೋಕೆ ಬೇಕಾದ್ದನ್ನ ಅದಕ್ಕೆ ಕೊಡ್ತವೆ. ಎಕ್ಸೋಸೋಮ್ ಅನ್ನೋದು ಅಂಥ ಚೀಲಗಳಿಗೇ."

ನನಗೆ ಕೈ ಮುಗಿಯಬೇಕೆನಿಸಿತು. ಅಷ್ಟು ಸಣ್ಣ ಜೀವಕ್ಕೂ ಭಗವಂತ ಬುತ್ತಿ ಕಟ್ಟಿ ಕಳಿಸುತ್ತಾನಲ್ಲ.

"ಅಂಗಾದ್ರೆ ಅದ್ನೇ ಚುಚ್ಚುದ್ರೆ ಆಗೋಯ್ತಲ್ಲ ಮೇಡಂ?" ಎಂದ ಮಂಜು.

"ಅದಿನ್ನೂ ಸಂಶೋಧನೆಯಲ್ಲಿದೆ. ಆ ಸೀಸೆಯಲ್ಲಿ ಏನಿದೆಯೋ ನನಗೆ ಗೊತ್ತಿಲ್ಲ. ನಿಮ್ಮ ವೀರ್ಯಪರೀಕ್ಷೆಯ ರಿಪೋರ್ಟ್ ಎಲ್ಲಿ?"

ಮಂಜು ಗೋಡೆಯ ಕ್ಯಾಲೆಂಡರ್ ನೋಡಿದ. "ನಮ್ ಮನೇಲಿ ಗಂಡಸ್ರಿಗೆ ಆ ತೊಂದ್ರೆ ಇಲ್ಲ ಮೇಡಂ."

"ಯಾರಾದ್ರೂ ಪರೀಕ್ಷೆ ಮಾಡ್ಸಿದಾರಾ?"

ಸ್ಯಾಂಪಲ್ಲಿಗೆಂದು ಡಾಕ್ಟರು ಕೊಟ್ಟ ಡಬ್ಬಿಯನ್ನು ಮಂಜು ಜೇಬಿಗೆ ಹಾಕಿಕೊಂಡು, "ಸೋಮವಾರ ಬತ್ತೀನಿ, ಅಂಗ್ಡೀಲಿ ಯಾರೂ ಇಲ್ಲ" ಎಂದು ಹೊರಟೇಬಿಟ್ಟ.

ಪವಿತ್ರ ಆಸ್ಪತ್ರೆಯ ಗೇಟಿನ ಬಳಿ ನಿಂತಳು. "ರೀ, ಮಲ್ಲಿಪಟ್ಟಣದೋರು ರಿಪೋರ್ಟ್ ಕೇಳುದ್ರೆ ಏನ್ ತೋರುಸ್ತೀರಿ? ನನ್ ಫೈಲಾ?"

ಮಂಜು ತಿರುಗಿ ಮೆಟ್ಟಿಲು ಹತ್ತಿದ. ಸ್ಯಾಂಪಲ್ ಕೊಟ್ಟು ಬಂದು, "ರಿಪೋರ್ಟ್ ನಾಳೆ ನಾನೇ ಬಂದು ಈಸ್ಕತೀನಿ" ಎಂದ. ಅದೂ ಒಂದು ಪುಣ್ಯವೇ.

ಐದು ದಿನವಾಯಿತು. ಮಂಜು ನನ್ನ ಫೋನ್ ಎತ್ತುತ್ತಿಲ್ಲ. ಅವನ ತಾಯಿ ಮಲ್ಲಿಪಟ್ಟಣದ ಸುದ್ದಿ ಇದ್ದಕ್ಕಿದ್ದಂತೆ ನಿಲ್ಲಿಸಿದ್ದಾರಂತೆ.

ನೀವೇ ಹೇಳಿ, ರಿಪೋರ್ಟ್ ಚೆನ್ನಾಗಿದ್ದಿದ್ದರೆ ಅವನು ಇಷ್ಟು ಹೊತ್ತಿಗೆ ಊರಿಗೆಲ್ಲ ವಾಟ್ಸಾಪ್ ಮಾಡುತ್ತಿರಲಿಲ್ಲವೇ?