ಬೆಳಗಿನ ಜಾವವಿಲ್ಲದ ಕೋಟೆ

ಗಿರಾಕಿಯನ್ನು ಮೆಟ್ಟಿಲಲ್ಲೇ ಅಳೆಯುವುದು ನಮ್ಮಂಥ ಬಟ್ಟೆ ಅಂಗಡಿಯವರ ಚಾಳಿ. ಊರ ಮಠದಲ್ಲಿ ಹಾಡಿಕೊಂಡಿದ್ದ ಜಂಗಮ ರಾಚಯ್ಯಸ್ವಾಮಿಗಳನ್ನು ಮೊದಲು ಕಂಡಾಗ, ಅಂಗಿಗೆ ಎರಡು ಮೀಟರ್ ಕೂಡ ಹೆಚ್ಚು, ಅದನ್ನೂ ಕೊಳ್ಳುವವರಲ್ಲ ಎಂದು ತೀರ್ಮಾನಿಸಿ ಬಟ್ಟೆಯ ಥಾನು ಬಿಚ್ಚಲಿಲ್ಲ. ಅವರೂ ಬಟ್ಟೆಗೆ ಬಂದಿರಲಿಲ್ಲ. ನಮ್ಮ ಮಾಳಿಗೆಯ ಆಟಕ್ಕೆ ಹಾಡುವವರು ಬೇಕಂತೆ ಎಂದು ಕೇಳಿ ಬಂದಿದ್ದರು.

ಆಟವೆಂದರೆ, ಉದಗೀರದ ನಾಲ್ಕಾರು ವ್ಯಾಪಾರಿಗಳು ಪೇಟೆ ಮುಚ್ಚಿದ ದಿನ ಮಧ್ಯಾಹ್ನ ಕೋಟೆಯ ಕಿಲ್ಲೇದಾರ, ಸರದಾರ, ಬೇಹುಗಾರರಾಗಿ ಕೂತು, ದಾಳ ಎಸೆದು, ಹಳೆಯ ಕಾಲದ ಮುತ್ತಿಗೆಯೊಂದನ್ನು ಮಾತಿನಲ್ಲೇ ನಡೆಸುವುದು. ತೊಗರಿ ಅಡತಿಯ ಕಾಶೆಪ್ಪ ಮುತ್ತಿಗೆ ಹಾಕಿದ ಸುಭೇದಾರ. ಸ್ವಾಮಿಗಳು ಬಂದ ದಿನವೇ ನಮ್ಮ ಹಾರ್ಮೋನಿಯಂ ಅನ್ನು ಆಟದಿಂದ ಹೊರಹಾಕಿದರು. ಆ ಕಾಲಕ್ಕೆ ಅದು ಹುಟ್ಟಿರಲಿಲ್ಲವಂತೆ. ತಂಬೂರಿ ಹಿಡಿದು ಅವರು ಹಾಡುವ ಧ್ರುಪದವೇ ನಮ್ಮ ಗಡಿಯಾರವಾಯಿತು. ದರಬಾರಿ ರಾಗ ಹಾಡಿದರೆ ಕೋಟೆಯಲ್ಲಿ ನಡುರಾತ್ರಿ, ಭೈರವ ಹಾಡಿದರೆ ಸೂರ್ಯೋದಯ. ಎರಡರ ನಡುವಿನ, ಬೆಳಗಿನ ಜಾವದ ಲಲಿತವನ್ನು ಮಾತ್ರ ಹಾಡುತ್ತಿರಲಿಲ್ಲ. ಸೇನೆ ಗೋಡೆ ಹತ್ತಬೇಕಾದದ್ದು ಆ ಕತ್ತಲಲ್ಲೇ.

“ಸ್ವಾಮೇರ, ನಿಮ್ಮ ಕಿಲ್ಲೇದಾಗ ಬೆಳಗಿನ ಜಾವ ಆಗೋದೇ ಇಲ್ಲೇನ್ರಿ? ನಿಚ್ಚಣಿಕಿ ಹಿಡ್ಕೊಂಡೇ ನನ್ನ ಫೌಜಿಗೆ ಮುಪ್ಪು ಬಂತು,” ಎಂದು ಕಾಶೆಪ್ಪ ಕೆಣಕಿದ.

ಎಲ್ಲರೂ ಹೋದ ಮೇಲೆ ಸ್ವಾಮಿಗಳು ನನಗೆ ಹೇಳಿದರು. ಲೋಹಾರಾ ಕಡೆಯ ಹಳ್ಳಿಯಲ್ಲಿ ದಿನವೂ ಆ ಹೊತ್ತಿಗೆ ಲಲಿತದ ಸಾಧನೆ. ಕೂಸು ಮಲಗಿದೆ, ಹೊರಗೆ ಹೋಗಿ ಹಾಡಿ ಎಂದು ಹೆಂಡತಿ ಚಂದ್ರಭಾಗಾ ಬಯಲಿಗೆ ಕಳಿಸುತ್ತಿದ್ದಳು. ತೊಂಬತ್ತಮೂರರ ಭೂಕಂಪದ ದಿನವೂ ಕಳಿಸಿದಳು. ಇವರು ಹಾಡುತ್ತಿದ್ದಾಗಲೇ ಕಲ್ಲುಮಣ್ಣಿನ ಮನೆ ಇಬ್ಬರ ಮೇಲೂ ಕುಸಿಯಿತು. ತಂದೆಯಿಂದ ಬಂದ ಲಲಿತದ ಚೀಜು, ಅಂದರೆ ಆ ರಾಗದ ಹಾಡು, ಈಗ ಇವರೊಬ್ಬರಲ್ಲೇ ಉಳಿದಿತ್ತು.

“ನನ್ನ ಸಂಗಡ ಇದೂ ಹೋಗ್ತದ. ಆಟದಾಗರೆ ಹಾಡಿ ನೋಡ್ತೀನಿ. ಆಟದಾಗ ಯಾರೂ ಸಾಯಂಗಿಲ್ಲ.”

ಮುಂದಿನ ವಾರ ಹಾಡಿದರು. ಕಾಶೆಪ್ಪ ದಾಳ ಎಸೆಯುವುದನ್ನೇ ಮರೆತ. ಆಲಾಪ ಮುಗಿದು ಚೀಜು ಅರ್ಧಕ್ಕೆ ಬಂದಾಗ ಸ್ವಾಮಿಗಳು ತಂಬೂರಿ ಕೆಳಗಿಟ್ಟು, ಮೆಲ್ಲಗೆ, “ಎಲ್ಲಾರೂ ಹೊರಗ ನಡೀರಿ. ಮನಿ ಬೀಳ್ತದ,” ಎಂದರು.

ಆಟದ ಹುಕುಮೇ ಇರಬೇಕೆಂದು ನಗುತ್ತ ಇಳಿದೆವು. ಉರಿಬಿಸಿಲಿನ ರಸ್ತೆಯಲ್ಲಿ ಅವರು ನಮ್ಮ ಮುಖಗಳನ್ನು ಒಂದೊಂದಾಗಿ ನೋಡಿ, ಮತ್ತೆ ಮೆಟ್ಟಿಲ ಕಡೆಗೇ ಕಣ್ಣು ನೆಟ್ಟು ನಿಂತರು.

“ಆಕಿ ಯಾಕ ಬರವಲ್ಲಳು?”

ಕಾಶೆಪ್ಪ ಅವರ ಕೈ ಹಿಡಿದು ನೆರಳಿಗೆ ಕರೆತಂದ.

ಅವರು ಮತ್ತೆ ಹಾಡಲಿಲ್ಲ, ಮಠದಲ್ಲೂ. ನಾನು ಹೋದರೆ ಚಹಾ ಕೊಟ್ಟು ಸೋಯಾಬೀನ್ ದರ ಕೇಳುತ್ತಾರೆ. ತಂಬೂರಿಯ ತಂತಿ ಬಿಚ್ಚಿಟ್ಟಿದ್ದಾರೆ. ಆ ಚೀಜು ಇನ್ನು ಯಾರಿಗೂ ಸಿಗುವುದಿಲ್ಲ. ಅರ್ಧ ಕೇಳಿದವರು ನಾವು ಕೆಲವರು, ಹಾಡಲು ಒಬ್ಬರಿಗೂ ಬಾರದು. ಆ ಅರ್ಧ ರಾಗ ನನಗೆ ರಾಚಯ್ಯಸ್ವಾಮಿಗಳಿಂದ ಬಂದದ್ದು. ಅದರ ಋಣ ನನ್ನ ಮೇಲಿದೆ.