ಎಡಗಡೆಯಿಂದ ನುಗ್ಗಿದ ಬಿಳಿ ಕಾರು

ಶರಣಪ್ಪನವರೇ, ಆ ಬಿಳಿ ಕಾರು ನನ್ನದು. ಓಡಿಸುತ್ತಿದ್ದವಳು ನಾನು. ನೀವು ಕನ್ನಡದಲ್ಲಿ ಹೇಳಿದ್ದನ್ನು ಪೊಲೀಸರಿಗೆ ಮರಾಠಿಯಲ್ಲಿ ತಿಳಿಸುತ್ತೇನೆಂದು ಮುಂದೆ ಬಂದು, ನೀವು ಹೇಳದೇ ಇದ್ದದ್ದನ್ನು ಹೇಳಿದವಳೂ ನಾನೇ. ಹತ್ತು ವರ್ಷಗಳಿಂದ ಈ ಮೂರು ಮಾತು ಗಂಟಲಲ್ಲೇ ಉಳಿದಿದ್ದವು. ಈಗ ಬರೆಯುವಾಗಲೂ ಬೆನ್ನ ಹಿಂದೆ ಯಾರೋ ನಿಂತು ಓದುತ್ತಿದ್ದಾರೇನೋ ಎಂದು ಎರಡು ಸಲ ತಿರುಗಿ ನೋಡಿದ್ದೇನೆ.

ನಿಮಗೆ ನನ್ನ ಹೆಸರೂ ಗೊತ್ತಿಲ್ಲ, ಬರೀ "ಅಕ್ಕಾರ" ಎಂದು ಕರೆದಿರಿ. ನಾನು ಡೊಂಬಿವಲಿಯ ಒಂದು ಕನ್ನಡ ಶಾಲೆಯಲ್ಲಿ ಟೀಚರು. ಹುಟ್ಟಿದ್ದು ಉಡುಪಿ ಕಡೆ, ಮದುವೆಯಾಗಿ ಇಲ್ಲಿಗೆ ಬಂದೆ. ಬಾಯಿ ಸ್ವಲ್ಪ ಜೋರು. ಒಂದು ದಿನವೂ ತಡವಾಗಿ ಹೋದವಳಲ್ಲ ಎಂಬ ಜಂಬ ಬೇರೆ. ರಸ್ತೆ ಸುರಕ್ಷತಾ ಸಪ್ತಾಹ ಬಂದರೆ ಬೋರ್ಡಿನ ಮೇಲೆ ದೊಡ್ಡ ಅಕ್ಷರದಲ್ಲಿ ಬರೆಯುವವಳು ನಾನೇ. ಮುಂದಿನ ವಾಹನವನ್ನು ಬಲಗಡೆಯಿಂದಲೇ ದಾಟಬೇಕು. ಎಡಕ್ಕೆ ಬರುವ ಸೂಚನೆ ಕೊಟ್ಟ ವಾಹನದ ಎಡಕ್ಕೆ ನುಗ್ಗಬಾರದು. ಕನ್ನಡಿ ನೋಡದೆ ಲೇನ್ ಬದಲಿಸಬಾರದು. ತಪ್ಪು ಬರೆದ ಮಕ್ಕಳಿಗೆ ಅದನ್ನೇ ಹತ್ತು ಸಲ ಬರೆಯುವ ಶಿಕ್ಷೆ. ನಾನು ಸ್ಟಿಯರಿಂಗ್ ಹಿಡಿದಾಗ ಮಾತ್ರ ಆ ಬಿಳಿ ಗೆರೆಗಳೆಲ್ಲ ಯಾರೋ ಹೊತ್ತು ಹೋಗದೆ ಬಳಿದ ಸುಣ್ಣ. ಇಲ್ಲಿ ಎಲ್ಲರೂ ಹಾಗೇ ಓಡಿಸುತ್ತಾರೆ, ಲಾರಿಗಳು ದಾರಿ ಬಿಡುವುದಿಲ್ಲ, ಸಂದಿ ಸಿಕ್ಕ ಕಡೆ ನುಗ್ಗದಿದ್ದರೆ ಸಾಯಂಕಾಲವಾದರೂ ವಾಶಿ ಮುಟ್ಟುವುದಿಲ್ಲ ಎಂದು ಸಮಾಧಾನ ಹೇಳಿಕೊಳ್ಳುತ್ತಿದ್ದೆ.

ಅವತ್ತು ಹತ್ತು ಗಂಟೆಗೆ ವಾಶಿಯಲ್ಲಿ ಉತ್ತರಪತ್ರಿಕೆ ತಿದ್ದುವ ಕೆಲಸಕ್ಕೆ ಹಾಜರಾಗಬೇಕಿತ್ತು. ಮಗಳು ಅನಘಾಳಿಗೆ ಆಗ ಎಂಟು ವರ್ಷ. ಅವಳನ್ನು ಕೋಪರಖೈರಣೆಯ ನಾದಿನಿಯ ಮನೆಯಲ್ಲಿ ಬಿಟ್ಟು ಹೋಗೋಣವೆಂದು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡಿದ್ದೆ. ಶೀಳ್ ಫಾಟಾದಲ್ಲಿ ಟ್ರಾಫಿಕ್ಕಿಗೆ ಸಿಕ್ಕಿ ಅರ್ಧ ಗಂಟೆ ಹೋಯಿತು. ಮಹಾಪೆ ದಾಟಿ ಬೇಲಾಪುರ ರಸ್ತೆ ಹಿಡಿಯುವಾಗ ನನ್ನ ತಲೆ ಕಾದು ಹೋಗಿತ್ತು.

ಅಲ್ಲಿ ಮೂರು ಲೇನುಗಳು. ಎಡಗಡೆಯದರಲ್ಲಿ ಒಂದು ನೀರಿನ ಟ್ಯಾಂಕರ್ ತೆವಳುತ್ತಿತ್ತು. ನಿಮ್ಮ ಲಾರಿ ಅದನ್ನು ದಾಟಲು ನಡುವಿನ ಲೇನಿಗೆ ಬಂದಿತ್ತು; ನಿಮ್ಮ ಹಿಂದೆ ನಾನು, ಹಾರ್ನ್ ಒತ್ತಿಕೊಂಡು. ಬಲಗಡೆಯ ಲೇನಿನಲ್ಲಿ ಬಸ್ಸುಗಳು ಬಿಟ್ಟೂಬಿಡದೆ ಹೋಗುತ್ತಿದ್ದವು. ನೀವು ಟ್ಯಾಂಕರನ್ನು ದಾಟಿದಿರಿ, ಎಡಗಡೆಯ ಇಂಡಿಕೇಟರ್ ಹಾಕಿದಿರಿ. ಅದು ಮಿನುಗಿದ್ದನ್ನು ನಾನು ನೋಡಿದೆ, ಶರಣಪ್ಪನವರೇ. ನೋಡಲಿಲ್ಲ ಎಂದು ಬರೆದರೆ ಈ ಕಾಗದವೂ ಸುಳ್ಳಾಗುತ್ತದೆ — ನೋಡಿದೆ, ಇವನು ಬರುವುದರೊಳಗೆ ದಾಟಿಬಿಡುತ್ತೇನೆ ಅಂದುಕೊಂಡೆ, ಟ್ಯಾಂಕರಿಗೂ ನಿಮಗೂ ನಡುವೆ ಇದ್ದ ಜಾಗಕ್ಕೆ ಎಡದಿಂದ ನುಗ್ಗಿ ಆಕ್ಸಿಲರೇಟರ್ ಒತ್ತಿದೆ.

ನಿಮ್ಮ ಲಾರಿಯ ಚಕ್ರ ಅನಘಾಳ ಕಿಟಕಿಯ ಪಕ್ಕಕ್ಕೇ ಬಂತು ಎಂದು ನೆನಪು. ಆದರೆ ಅವಳ ಕಿಟಕಿ ಎಡಗಡೆ, ಲಾರಿ ಬಲಗಡೆ... ಇಲ್ಲ, ಅದು ನನ್ನ ಕಿಟಕಿಯೇ ಇರಬೇಕು. ಅವಳು ನನ್ನಾಚೆಯಿಂದ ಕತ್ತು ಚಾಚಿ ಮೇಲೆ ನೋಡುತ್ತಿದ್ದಳು. ಮರುಕ್ಷಣ ಲಾರಿ ಬಲಕ್ಕೆ ಹೊರಳಿತು, ನಾವು ಮುಂದೆ ಜಾರಿಕೊಂಡೆವು. ಹಿಂದಿನಿಂದ ಒಂದು ಸದ್ದು ಬಂತು. ಕನ್ನಡಿಯಲ್ಲಿ ನೋಡಿದರೆ ಒಂದು ಬೈಕು ರಸ್ತೆಯ ಮೇಲೆ ಅಡ್ಡ ಬಿದ್ದಿತ್ತು.

ಕಾರನ್ನು ಮುಂದೆ ಒಂದು ಕಾರ್ಖಾನೆಯ ಗೇಟಿನ ಬಳಿ ನಿಲ್ಲಿಸಿದೆ. ಅನಘಾ ಅಂದಳು: "ಮಮ್ಮಾ, ಉಸ್ ಅಂಕಲ್ ನೇ ಮುಝೇ ದೇಖಾ." ಆ ಅಂಕಲ್ ನನ್ನನ್ನು ನೋಡಿದರು, ಎಂದು. ಅವಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಬರುವುದು ಮಾತ್ರ ಹಿಂದಿಯಲ್ಲಿ. ಬಾಗಿಲು ತೆರೆಯಬೇಡ, ಯಾರು ಕೇಳಿದರೂ ಮಾತಾಡಬೇಡ ಎಂದು ಗದರಿಸಿ ನಾನು ನಡೆದು ಹಿಂದೆ ಬಂದೆ.

ನಿಮ್ಮ ಲಾರಿಯಿಂದ ಗೋಣಿಚೀಲ ಬಿದ್ದು ಒಡೆದು ನಿಂಬೆಹಣ್ಣು ರಸ್ತೆ ತುಂಬ ಉರುಳಿತ್ತು. ಒಂದಿಬ್ಬರು ಆರಿಸಿಕೊಳ್ಳುತ್ತಲೂ ಇದ್ದರು. ಬೈಕಿನ ಹುಡುಗನನ್ನು ನಾಲ್ಕು ಜನ ರಿಕ್ಷಾಕ್ಕೆ ಎತ್ತುತ್ತಿದ್ದರು — ಅವನ ಕಾಲನ್ನು ನಾನು ನೋಡಿದೆ, ಅದರ ಬಗ್ಗೆ ಬರೆಯಲಾರೆ. ನಿಮ್ಮನ್ನು ಕೆಳಗೆಳೆದು ಹೊಡೆಯುತ್ತಿದ್ದರು. ನಿಮಗೆ ಬರುತ್ತಿದ್ದ ಚೂರುಪಾರು ಹಿಂದಿಯೂ ಹೆದರಿಕೆಗೆ ಮರೆತುಹೋಗಿರಬೇಕು, "ನಂದೇನ್ ತಪ್ಪಿಲ್ರೀ, ನನ್ನ ಮಾತ ಕೇಳ್ರೀ" ಎಂದು ಕನ್ನಡದಲ್ಲೇ ಕೈ ಮುಗಿಯುತ್ತಿದ್ದಿರಿ. ಅಷ್ಟರಲ್ಲಿ ಬಂದ ಹವಾಲ್ದಾರ, ಇವನ ಭಾಷೆ ಯಾರಿಗಾದರೂ ಬರುತ್ತದೆಯೇ ಎಂದು ಮರಾಠಿಯಲ್ಲಿ ಕೇಳಿದ.

"ಮಲಾ ಯೇತೇ," ನನಗೆ ಬರುತ್ತದೆ, ಎಂದೆ.

ಅದನ್ನು ಆಮೇಲೆ ಎಲ್ಲರೂ ಒಳ್ಳೆಯತನ ಎಂದರು. ಯಜಮಾನರು ನೆಂಟರಿಷ್ಟರ ಮುಂದೆಲ್ಲ, ಇವಳು ಒಬ್ಬಳೇ ಹೋಗಿ ನಮ್ಮ ಕನ್ನಡದ ಡ್ರೈವರನ್ನು ಜನರ ಕೈಯಿಂದ ಬಿಡಿಸಿದಳು ಎಂದು ಹೇಳಿಕೊಂಡು ತಿರುಗಿದರು. ಸ್ಟಾಫ್ ರೂಮಿನಲ್ಲಿ ಚಪ್ಪಾಳೆ ತಟ್ಟಿದರು. ನಿಜ ಏನೆಂದರೆ, ನೀವು ಏನನ್ನು ನೋಡಿದ್ದೀರಿ, ಏನು ಹೇಳಿಬಿಡುತ್ತೀರಿ ಎಂಬ ಭಯಕ್ಕೆ ನಾನು ಮುಂದೆ ಬಂದೆ. ಬೇರೆ ಯಾರಾದರೂ ಕನ್ನಡದವರು ಅದನ್ನು ಸರಿಯಾಗಿ ಹೇಳಿಬಿಟ್ಟರೆ? ನಾನೇ ಹೇಳಿದರೆ... ನನಗೆ ಬೇಕಾದಷ್ಟೇ ಹೇಳಬಹುದಲ್ಲ.

ನನ್ನ ಬಾಯಲ್ಲಿ ಕನ್ನಡ ಕೇಳಿ ನೀವು ಅತ್ತುಬಿಟ್ಟಿರಿ. "ಅಕ್ಕಾರ, ದೇವ್ರು ಕಳಿಸಿದಂಗ ಬಂದ್ರಿ ನೋಡ್ರಿ. ಕಲ್ಯಾಣದಾಗ ಅರ್ಧ ಮಾಲ ಇಳಿಸಿ ತುರ್ಭೆಕ್ಕ ಹೊಂಟಿದ್ನಿರಿ. ಕ್ಲೀನರ್ ಈ ಸಲ ಬಂದಿಲ್ರಿ, ಆರಾಮಿಲ್ಲ ಅವಂಗ. ಅದಕ್ಕ ನಾ ಭಾಳ ಜ್ವಾಕಿಲೇ ಇಂಡಿಕೇಟರ್ ಹಾಕಿ, ಕನ್ನಡಿ ನೋಡಿ ಎಡಕ್ಕ ಬರಾಕತ್ತಿದ್ನಿ. ಒಂದು ಬಿಳಿ ಕಾರ್ ಎಡಗಡೆ ಸಂದ್ಯಾಗ ನುಗ್ಗಿತ್ರಿ. ಒಳಗ ಒಂದು ಸಣ್ಣ ಕೂಸು ಇತ್ತು, ನನ್ನ ಕಡೆನ ನೋಡಾಕತ್ತಿತ್ತು. ಹಂಗ ಬಿಟ್ಟಿದ್ರ ಕಾರ್ ಅಪ್ಪಚ್ಚಿ ಆಗತಿತ್ರಿ. ಬಲಕ್ಕ ತಿರುವಿದ್ನಿ. ಬೈಕ್ ಬಂದದ್ದು ಕಾಣಲಿಲ್ರೀ ಯಕ್ಕಾ. ಇಷ್ಟ ಅವರಿಗೆ ಹೇಳ್ರಿ, ಇದ್ದದ್ದ ಇದ್ದಂಗ ಹೇಳ್ರಿ."

ನಾನು ಹವಾಲ್ದಾರನ ಕಡೆ ತಿರುಗಿ ಮರಾಠಿಯಲ್ಲಿ ಹೇಳಿದೆ: ಕ್ಲೀನರ್ ಇರಲಿಲ್ಲವಂತೆ, ಕನ್ನಡಿ ನೋಡಲಿಲ್ಲವಂತೆ, ಗಡಿಬಿಡಿಯಲ್ಲಿ ಒಮ್ಮೆಲೇ ಬಲಕ್ಕೆ ತಿರುಗಿಸಿದನಂತೆ.

ಅವನು ಬರೆದುಕೊಂಡ. ಆಮೇಲೆ ಪೆನ್ನು ನಿಲ್ಲಿಸಿ ನನ್ನನ್ನೇ ನೋಡಿದ. "ತೋ ಕಾರ್ ಕಾರ್ ಕಾಯ್ ಮ್ಹಣತೋಯ್?" ಕಾರು ಕಾರು ಅಂತ ಏನೋ ಹೇಳುತ್ತಿದ್ದಾನಲ್ಲ, ಏನದು?

ಇನ್ನೂರು ಹೆಜ್ಜೆ ಆಚೆ ನನ್ನ ಕಾರು ನಿಂತಿತ್ತು, ಒಳಗೆ ಮಗಳಿದ್ದಳು. ಅವನು ತಲೆ ಎತ್ತಿ ನೋಡಿದ್ದರೆ ಕಾಣುತ್ತಿತ್ತು. ನಾನು ಎಷ್ಟು ಬೇಗ ಉತ್ತರ ಹುಡುಕಿದೆ ಎಂದು ನೆನೆದರೆ ಈಗಲೂ ನನ್ನ ಬಗ್ಗೆ ನನಗೇ ಹೆದರಿಕೆಯಾಗುತ್ತದೆ. ಹಿಂದಿನ ಕಾರುಗಳು ಹಾರ್ನ್ ಹೊಡೆಯುತ್ತಿದ್ದವಂತೆ, ಅದಕ್ಕೇ ಗಡಿಬಿಡಿಯಾಯಿತಂತೆ, ಎಂದೆ. ಅವನು ಅದನ್ನೂ ಬರೆದುಕೊಂಡು ನಿಮ್ಮ ಹೆಬ್ಬೆಟ್ಟು ಒತ್ತಿಸಿಕೊಂಡ. ಕೆಳಗೆ ನನ್ನ ಸಹಿ ಹಾಕಿಸಿಕೊಂಡ. ನೀವು ನನಗೆ ಕೈ ಮುಗಿದು ಜೀಪು ಹತ್ತಿದಿರಿ.

ತಿಂಗಳೊಳಗೆ ಕಾರು ಮಾರಿಸಿದೆ. ಪೆಟ್ರೋಲ್ ಜಾಸ್ತಿ ಕುಡಿಯುತ್ತದೆ ಎಂದು ಮನೆಯಲ್ಲಿ ಹೇಳಿದೆ. ಶಾಲೆಯ ಗೇಟಿನಲ್ಲಿ ಖಾಕಿ ಬಟ್ಟೆ ಕಂಡರೆ ಪಾಠ ಅರ್ಧಕ್ಕೆ ನಿಲ್ಲುತ್ತಿತ್ತು. ಪೋಸ್ಟ್‌ಮನ್ ಬಾಗಿಲು ತಟ್ಟಿದರೆ ಕೋರ್ಟಿನ ಸಮನ್ಸೇ ಎಂದುಕೊಳ್ಳುತ್ತಿದ್ದೆ. ಬರಲಿಲ್ಲ. ಯಾಕೆ ಬರಲಿಲ್ಲವೆಂದು ಆಮೇಲೆ ನಿಮ್ಮಿಂದಲೇ ತಿಳಿಯಿತು.

ಆರು ವರ್ಷದ ಮೇಲೆ ಶಾಲೆಯ ಕಾರ್ಯಕ್ರಮಕ್ಕೆ ಹಣ್ಣು ತರಲು ತುರ್ಭೆಯ ಸಗಟು ಮಾರುಕಟ್ಟೆಗೆ ಹೋಗಿದ್ದೆ. ಬೆನ್ನ ಮೇಲೆ ಪೆಟ್ಟಿಗೆ ಹೊತ್ತ ಒಬ್ಬರು ಎದುರಿಗೆ ನಿಂತು "ಅಕ್ಕಾರ?" ಎಂದರು. ಮುಖಕ್ಕಿಂತ ಮೊದಲು ಧ್ವನಿಯ ಗುರುತು ಸಿಕ್ಕಿತು. ಓಡಿಹೋಗೋಣ ಅನ್ನಿಸಿತು. ನೀವು ಪೆಟ್ಟಿಗೆ ಇಳಿಸಿ, ಬೇಡವೆಂದರೂ ಚಹಾ ತರಿಸಿದಿರಿ. ಹುಡುಗನ ಕಾಲು ಹೋಯಿತು ಎಂದಿರಿ. ತಪ್ಪು ಒಪ್ಪಿಕೊಂಡರೆ ಬೇಗ ಮುಗಿಯುತ್ತದೆ ಎಂದು ವಕೀಲರು ಹೇಳಿದ್ದಕ್ಕೆ ಒಪ್ಪಿಕೊಂಡು, ಸಾಕ್ಷಿಗಳನ್ನು ಕರೆಸದೆಯೇ ಕೇಸು ಮುಗಿದು ಜೈಲಿನಲ್ಲಿದ್ದು ಬಂದಿರಿ. ಲೈಸೆನ್ಸ್ ಹೋಯಿತು, ಮಾಲೀಕರು ಮತ್ತೆ ಲಾರಿ ಕೊಡಲಿಲ್ಲ. ಇಷ್ಟೆಲ್ಲ ಹೇಳಿ ಕೊನೆಗೆ ಒಂದೇ ಒಂದು ಪ್ರಶ್ನೆ ಕೇಳಿದಿರಿ.

"ಆ ಬಿಳಿ ಕಾರಿನ ಮಾತು ನೀವು ಹೇಳಿದ್ರೆಲ್ರಿ? ಕಾಗದದಾಗ ಅದು ಇಲ್ಲ ಅಂದ್ರು ವಕೀಲ್ರು. ನಿಂದ ತಪ್ಪು ಅಂತ ನೀನ ಹೇಳೀ, ಅಂದ್ರು."

ಅವತ್ತು ನನ್ನ ಸುತ್ತ ಜನ ಕೂಡಿರಲಿಲ್ಲ. ಹವಾಲ್ದಾರನಿರಲಿಲ್ಲ. ಕೈಯಲ್ಲಿ ನೀವು ಕೊಡಿಸಿದ ಚಹಾ ಇತ್ತು. ಮೊದಲನೆಯ ಸುಳ್ಳನ್ನು ಗಾಬರಿಯ ತಲೆಗೆ ಕಟ್ಟಬಹುದೇನೋ, ಇದನ್ನು ಯಾವುದರ ತಲೆಗೂ ಕಟ್ಟಲಾರೆ.

"ನಾನು ಹೇಳಿದ್ದೆ ಮಾರಾಯ್ರೆ," ಎಂದೆ. "ಅವರು ಬರ್ಕೊಳ್ಲಿಲ್ಲ ಕಾಣ್ತದೆ."

ನೀವು ತಲೆಯಾಡಿಸಿದಿರಿ. ನಂಬಿದಿರಿ. "ಹೋಗ್ಲಿ ಬಿಡ್ರಿ. ಆ ಕೂಸರ ಉಳೀತು. ಎಲ್ಲಿ ಐತೋ, ಹ್ಯಾಂಗ ಐತೋ," ಎಂದು ಮತ್ತೆ ಪೆಟ್ಟಿಗೆ ಎತ್ತಿಕೊಂಡಿರಿ. ನಾನು ಹಣ್ಣು ಕೊಳ್ಳದೆ ಮನೆಗೆ ಬಂದೆ.

ಆಮೇಲೂ ನಾಲ್ಕು ವರ್ಷ ಸುಮ್ಮನಿದ್ದೆ. ಹೋದ ತಿಂಗಳು ಅನಘಾ ಡ್ರೈವಿಂಗ್ ಕ್ಲಾಸಿಗೆ ಸೇರಿದಳು. ಮೂರನೆಯ ದಿನ ಊಟಕ್ಕೆ ಕುಳಿತಾಗ, ತಟ್ಟೆ ನೋಡಿಕೊಂಡೇ, "ಸರ್ ನೇ ಬೋಲಾ, ಲೆಫ್ಟ್ ಸೇ ಓವರ್‌ಟೇಕ್ ನಹೀ ಕರನೇ ಕಾ. ಮಮ್ಮಾ, ಉಸ್ ದಿನ್ ಗಲತೀ ಅಪನೀ ಥೀ ನಾ?" ಎಂದಳು. ಅವತ್ತಿನ ತಪ್ಪು ನಮ್ಮದೇ ಅಲ್ಲವಾ, ಎಂದು. ಎಂಟನೆಯ ವಯಸ್ಸಿನಿಂದ ಅವಳೂ ಇದನ್ನು ಇಟ್ಟುಕೊಂಡೇ ಇದ್ದಳು, ನಾನು ಗದರಿಸಿದ್ದೆನೆಂದು ಬಾಯಿ ಬಿಟ್ಟಿರಲಿಲ್ಲ. ಹೌದು ಎಂದೆ. ಜೀವನದಲ್ಲಿ ಮೊದಲ ಸಲ ಅದನ್ನು ಬಾಯಿಬಿಟ್ಟು ಹೇಳಿದ್ದು ಆಗಲೇ. ಅದೇ ರಾತ್ರಿ ಯಜಮಾನರಿಗೂ ಹೇಳಿದೆ. ಅವರು ಇನ್ನೂ ನನ್ನೊಡನೆ ಸರಿಯಾಗಿ ಮಾತಾಡುತ್ತಿಲ್ಲ.

ಯಾರದೋ ವಿಷಯ ಎಂಬಂತೆ ಒಬ್ಬ ವಕೀಲರನ್ನು ಕೇಳಿ ನೋಡಿದೆ. ಮುಗಿದ ಕೇಸು, ಕೆದಕಿದರೆ ಆ ಕಾರು ಓಡಿಸಿದವರ ಮೈಮೇಲೇ ಬರುತ್ತದೆ, ಕೆಲಸವೂ ಹೋಗಬಹುದು ಎಂದರು. ಆದರೂ ಮನೆಗೆ ಬಂದು ನೀವು ಅವತ್ತು ಹೇಳಿದ್ದನ್ನು ಬರೆಯಲು ಕುಳಿತೆ. ಇಂಡಿಕೇಟರ್, ಕನ್ನಡಿ, ಬಿಳಿ ಕಾರು, ಕೂಸು — ಒಂದನ್ನೂ ಬಿಡದೆ ಮೊದಲು ಕನ್ನಡದಲ್ಲಿ, ಆಮೇಲೆ ಮರಾಠಿಯಲ್ಲಿ. ಕೆಳಗೆ ಆ ಕಾರಿನ ನಂಬರೂ ನನ್ನ ಹೆಸರೂ ಇವೆ.

ಶನಿವಾರ ಮಾರುಕಟ್ಟೆಗೆ ಬರುತ್ತೇನೆ. ಅನಘಾಳೂ ಬರುತ್ತಾಳೆ. ಅವಳ ಮುಖ ತೋರಿಸಿ ನಿಮ್ಮ ಮನಸ್ಸು ಕರಗಿಸುವ ಉಪಾಯ ಇದಲ್ಲ. ಕೂಸು ಹೇಗಿದೆಯೋ ಎಂದು ನೀವು ಕೇಳಿದ್ದಿರಿ, ಅದಕ್ಕೆ. ಈ ಕಾಗದವನ್ನು ನಿಮ್ಮೆದುರು ನಾನೇ ಓದುತ್ತೇನೆ. ನೀವು ಏನೆಂದರೂ ಸರಿ, ಏನೂ ಅನ್ನದೆ ಎದ್ದುಹೋದರೂ ಸರಿ, ಅಲ್ಲಿಂದ ನಿಮ್ಮ ಆ ಹೇಳಿಕೆ ಹಿಡಿದು ಠಾಣೆಗೆ ಹೋಗುತ್ತೇನೆ. ಆಮೇಲೆ ಆ ಹುಡುಗನ ಮನೆ ಹುಡುಕಬೇಕು, ಅವನಿಗೂ ಹೇಳಬೇಕು.

ನನಗೆ ತುಂಬ ಹೆದರಿಕೆಯಾಗುತ್ತಿದೆ, ಶರಣಪ್ಪನವರೇ. ಅವತ್ತು ನಿಮಗೂ ಹೆದರಿಕೆಯಾಗಿತ್ತು. ಆದರೂ ನೀವು ನಿಜವನ್ನೇ ಹೇಳಿದಿರಿ.